ಬಸಳೆಯ ತುಂಡು, ಪುಸ್ತಕದ ಕಪಾಟು



ಕಳೆದ ಮಳೆಗಾಲದಲ್ಲಿ ನಮ್ಮ ಮಹಿಳಾ ವಿಭಾಗದ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಸಂಘದ ಪುಸ್ತಕಗಳಿರುವ ಎರಡು ಸ್ಟೀಲ್ ಕಪಾಟುಗಳನ್ನು ಏನು ಮಾಡುವುದು? ಅವು ಇರುವ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ದಹಿಸರಿನಲ್ಲಿ ಇದು ಹೊಸ ಸುದ್ದಿಯಲ್ಲ. ಪ್ರತಿ ಗಲ್ಲಿಯಲ್ಲೂ ಒಂದು ಹಳೆಯ ಸೊಸೈಟಿ ಬೀಳುತ್ತಿದೆ, ಒಂದು ಟವರ್ ಏಳುತ್ತಿದೆ. ಬಾಡಿಗೆ ಮನೆಗೆ ಹೋಗುವವರು ತಮ್ಮ ಸಾಮಾನನ್ನೇ ಇಡಲು ಜಾಗವಿಲ್ಲದೆ ಒದ್ದಾಡುತ್ತಿರುವಾಗ ಸಂಘದ ಕಪಾಟು ಯಾರ ಮನೆಯಲ್ಲಿಡುವುದು? "ಈಗಿನ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ರದ್ದಿಗೆ ಹಾಕಿ, ಬಂದ ಹಣದಲ್ಲಿ ಅರಶಿನ ಕುಂಕುಮ ಕಾರ್ಯಕ್ರಮ ಚೆಂದ ಮಾಡೋಣ" ಎಂದು ಒಬ್ಬರು ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಕೈ ಎತ್ತುವವಳೇ ಇದ್ದೆ. ಕಪಾಟಿನ ಪಟ್ಟಿ ಮಾಡುವ ಕೆಲಸ ನನಗೆ ವಹಿಸಿ, ನಿರ್ಧಾರವನ್ನು ವಾರ್ಷಿಕ ಸಭೆಗೆ ಮುಂದೂಡಲಾಯಿತು. ಐಟಿಯವಳು, ಎಂ.ಟೆಕ್. ಓದಿದವಳು, ಪಟ್ಟಿ ಮಾಡಲು ಬರುತ್ತದೆ ಎಂಬ ಧೈರ್ಯ ಅವರಿಗೆ.

ಒಂದು ಭಾನುವಾರ ಕಪಾಟು ತೆರೆದೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ. ಪುಸ್ತಕಗಳ ಹಿಂದೆ ರಟ್ಟು ಕಟ್ಟಿದ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಯಾರು, ಯಾವ ದಿನ, ಏನು ಕೊಂಡುಹೋದರು, ಯಾವಾಗ ತಂದುಕೊಟ್ಟರು ಎಂಬ ಲೆಕ್ಕ. ಮೊದಲ ಹಾಳೆಗಳಲ್ಲಿ ಬರೀ ಪುಸ್ತಕಗಳ ಹೆಸರು. ನಾಲ್ಕೈದು ಹಾಳೆ ದಾಟಿದ ಮೇಲೆ ಪುಸ್ತಕಗಳ ನಡುವೆ ಬೇರೆ ಹೆಸರುಗಳು ಬರತೊಡಗಿದವು. "ಶ್ಯಾವಿಗೆ ಒರಳು - 1." "ದೊಡ್ಡ ಇಡ್ಲಿ ಪಾತ್ರೆ, ಮುಚ್ಚಳ ಸಮೇತ." "ತೊಟ್ಟಿಲು, ಹಗ್ಗ ಇಲ್ಲ." ಒಂದು ಕಡೆ, "ಬಸಳೆ ದಂಟು, ನಾಲ್ಕು ತುಂಡು." ಅದರ ಎದುರಿನ 'ವಾಪಸು' ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ, "ಆರು ತುಂಡು ಬಂತು."

ನಾಲ್ಕು ಕೊಟ್ಟು ಆರು ಮರಳಿ ಪಡೆದ ಆ ಸಾಲನ್ನು ನೋಡಿದ ಮೇಲೆ ನನಗೆ ಕೈ ಎತ್ತಲು ಮನಸ್ಸಾಗಲಿಲ್ಲ. ಎರವಲು ಕೊಡುವುದು ಎಂಬ ಈ ಪದ್ಧತಿ ನಮ್ಮಲ್ಲಿ ಎಲ್ಲಿಂದ ಬಂತು, ಅದನ್ನು ಉಳಿಸಿದವರು ಯಾರು ಎಂದು ಬಿಡುವಿದ್ದಾಗಲೆಲ್ಲ ಓದತೊಡಗಿದೆ. ಆ ಓದಿನ ಸಾರ ಈ ಲೇಖನ.

ಸಾವಿರ ವರ್ಷಗಳ ಹಿಂದೆ

ಪುಸ್ತಕ, ಹೆಂಗಸು, ಹಣ ಈ ಮೂರೂ ಪರರ ಕೈ ಸೇರಿದರೆ ಹೋದಂತೆಯೇ ಎಂಬರ್ಥದ ಒಂದು ಸಂಸ್ಕೃತ ಸುಭಾಷಿತವನ್ನು ನಮ್ಮ ಹಿರಿಯರು ಆಗಾಗ ಹೇಳುತ್ತಾರೆ. ಹೆಂಗಸನ್ನು ವಸ್ತುಗಳ ಸಾಲಿನಲ್ಲಿ ಕೂರಿಸಿದ್ದನ್ನು ಈಗ ಬದಿಗಿಡೋಣ. ಪುಸ್ತಕದ ವಿಷಯಕ್ಕಾದರೂ ಆ ಮಾತು ನಿಜವೇ? ಕನ್ನಡದ ಚರಿತ್ರೆ ಬೇರೆಯೇ ಹೇಳುತ್ತದೆ.

ಹತ್ತನೆಯ ಶತಮಾನದ ಕೊನೆ. ಕಲ್ಯಾಣ ಚಾಲುಕ್ಯರ ಕಾಲ. ನಾಗದೇವನ ಹೆಂಡತಿ ಅತ್ತಿಮಬ್ಬೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಳು. ಅದೇ ನಾಗದೇವನನ್ನು ಮದುವೆಯಾಗಿದ್ದ ಆಕೆಯ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಬೆಳೆಸಲು ಉಳಿದಳು. ಹಾಗೆ ಉಳಿದ ಬದುಕಿನಲ್ಲಿ ಆಕೆ ಮಾಡಿದ ಕೆಲಸಗಳಲ್ಲಿ ಒಂದು, ಕವಿ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು. ಅಚ್ಚಿನ ಯಂತ್ರವಿಲ್ಲದ ಕಾಲ. ತಾಳೆಗರಿಯನ್ನು ಹದಮಾಡಿ, ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆದು, ಮಸಿ ಸವರಿ ಒರೆಸಬೇಕು. ಹಾಗೆ ಸಾವಿರ ಸಲ. ರನ್ನ 993ರಲ್ಲಿ 'ಅಜಿತಪುರಾಣ' ಬರೆದದ್ದೂ ಆಕೆಯ ಆಶ್ರಯದಲ್ಲಿಯೇ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಜಿನಾಲಯ ಇಂದಿಗೂ ನಿಂತಿದೆ. ಕರ್ನಾಟಕ ಸರ್ಕಾರ ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತದೆ. 'ದಾನಚಿಂತಾಮಣಿ' ಎಂಬ ಬಿರುದು ನಮಗೆ ಗೊತ್ತು. ಆದರೆ ಆ ದಾನದಲ್ಲಿ ಇದ್ದ ಬುದ್ಧಿವಂತಿಕೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪೊನ್ನ ಬರೆದ ಇನ್ನೊಂದು ಕಾವ್ಯ 'ಭುವನೈಕರಾಮಾಭ್ಯುದಯ' ಇಂದು ಸಿಗುವುದಿಲ್ಲ. ಸಾವಿರ ಮನೆ ಸೇರಿದ 'ಶಾಂತಿಪುರಾಣ' ನಮ್ಮ ಕೈಯಲ್ಲಿದೆ. ನಮ್ಮ ಕಚೇರಿಯಲ್ಲಿ ಒಂದೇ ಮಾಹಿತಿಯನ್ನು ಬೇರೆ ಬೇರೆ ಊರಿನ ಸರ್ವರುಗಳಲ್ಲಿ ಇಡಲು ಲಕ್ಷಗಟ್ಟಲೆ ಖರ್ಚು ಮಾಡುತ್ತೇವೆ. ಒಂದು ಕಡೆ ಹಾಳಾದರೆ ಇನ್ನೊಂದು ಕಡೆ ಇರಲಿ ಎಂದು. ಅತ್ತಿಮಬ್ಬೆ ಮಾಡಿದ್ದೂ ಅದನ್ನೇ.

ಅತ್ತಿಮಬ್ಬೆಯ ತಲೆಮಾರು ದಾಟುವಷ್ಟರಲ್ಲಿ, ಸುಮಾರು 1025ರಲ್ಲಿ, ಇನ್ನೊಂದು ಪುಸ್ತಕ ಬಂತು. ಹೆಸರು 'ಲೋಕೋಪಕಾರ'. ಬರೆದವನು ಚಾವುಂಡರಾಯ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಚಾಲುಕ್ಯ ಜಯಸಿಂಹನ ಕಾಲದ ಇನ್ನೊಬ್ಬ. ಹೆಸರೇ ಹೇಳುವಂತೆ ಇದು ಜನರ ಉಪಯೋಗಕ್ಕೆಂದು ಬರೆದದ್ದು. ಮನೆ ಕಟ್ಟುವ ವಾಸ್ತು, ಭೂಮಿಯಡಿ ನೀರಿರುವ ಜಾಗ ಗುರುತಿಸುವುದು, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದ, ಅಡುಗೆ, ಸುಗಂಧ ದ್ರವ್ಯ, ಮನುಷ್ಯರಿಗೂ ದನಕರುಗಳಿಗೂ ಔಷಧ, ವಿಷಕ್ಕೆ ಚಿಕಿತ್ಸೆ. ಇವತ್ತು ನಾವು ಯೂಟ್ಯೂಬಿನಲ್ಲಿ ಹುಡುಕುವುದೆಲ್ಲ ಒಂದೇ ಗ್ರಂಥದಲ್ಲಿ, ಕನ್ನಡ ಪದ್ಯದಲ್ಲಿ. ಅಡುಗೆಮನೆ ಮತ್ತು ಹಿತ್ತಲು ಬರೆದಿಡಲು ಯೋಗ್ಯವಾದ ವಿದ್ಯೆ ಎಂದು ಸಾವಿರ ವರ್ಷದ ಹಿಂದೆಯೇ ಒಬ್ಬ ಕನ್ನಡ ಕವಿಗೆ ಅನ್ನಿಸಿತ್ತು.

ಮೂರನೆಯದು 1058ರ ಒಂದು ಶಾಸನ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಅಲ್ಲಿದ್ದ ಘಟಿಕಾಸ್ಥಾನ ಆ ಕಾಲದ ಒಂದು ದೊಡ್ಡ ವಿದ್ಯಾಕೇಂದ್ರ. ವೇದ ಓದುವ 200 ಮಂದಿ, ಶಾಸ್ತ್ರ ಓದುವ 50 ಮಂದಿ ವಿದ್ಯಾರ್ಥಿಗಳು. ಅವರಿಗೆ ಪಾಠ ಹೇಳುವವರ ಜೊತೆಗೆ ಶಾಸನ ಆರು ಮಂದಿ 'ಸರಸ್ವತೀ ಭಂಡಾರಿ'ಗಳನ್ನೂ ಹೆಸರಿಸುತ್ತದೆ. ಅಂದರೆ ಗ್ರಂಥಪಾಲಕರು. ಅವರ ಜೀವನಕ್ಕೂ ಭೂಮಿ ಬಿಟ್ಟುಕೊಡಲಾಗಿತ್ತು. ಪುಸ್ತಕ ಇದ್ದರೆ ಸಾಲದು, ಅದನ್ನು ಕಾಯುವ, ಕೊಡುವ, ಮರಳಿ ಪಡೆಯುವ ಮನುಷ್ಯ ಬೇಕು. ಆ ಮನುಷ್ಯನಿಗೂ ಹೊಟ್ಟೆ ಇದೆ. ಇದನ್ನು ಹನ್ನೊಂದನೆಯ ಶತಮಾನದವರು ಕಲ್ಲಿನಲ್ಲಿ ಕೆತ್ತಿಟ್ಟರು.

ಒಂದು ಜೀವಮಾನದಷ್ಟು ಅವಧಿಯಲ್ಲಿ ಈ ಮೂರೂ ನಡೆದವು. ಪ್ರತಿ ಮಾಡಿ ಹಂಚುವುದು, ಮನೆ ತೋಟದ ಅರಿವನ್ನು ಬರೆದಿಡುವುದು, ಕಾಯುವವರಿಗೆ ಸ್ಥಾನ ಕೊಡುವುದು. ಆಮೇಲೆ ಜಗತ್ತಿನಲ್ಲಿ ಎಲ್ಲೆಲ್ಲಿ ಎರವಲಿನ ಪದ್ಧತಿ ಗಟ್ಟಿಯಾಗಿ ನಿಂತಿತೋ ಅಲ್ಲೆಲ್ಲ ಹಂಚುವುದಕ್ಕೂ ಕಾಯುವುದಕ್ಕೂ ಏರ್ಪಾಡು ಇತ್ತು.

ಬರೋಡೆಯ ಪೆಟ್ಟಿಗೆ, ನಂಜನಗೂಡಿನ ಗ್ರಂಥಮಾಲೆ

ಆಧುನಿಕ ಕಾಲಕ್ಕೆ ಬರೋಣ. ನಮ್ಮ ದಹಿಸರ್ ಸ್ಟೇಷನ್ ಮೇಲೆ ಹಾದುಹೋಗುವ ಇದೇ ರೈಲು ಹಾದಿಯಲ್ಲಿ ಉತ್ತರಕ್ಕೆ ಹೋದರೆ ಬರೋಡೆ. ಅಲ್ಲಿನ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣ ತಂದರು. ಶಾಲೆ ಬಿಟ್ಟ ಮೇಲೆ ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಮರೆತುಹೋಗುತ್ತದೆ ಎಂದು ಅರಿತು, 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿದರು. ನಗರದ ಕೇಂದ್ರ ಗ್ರಂಥಾಲಯದಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆ ವಿಭಾಗ ತೆರೆಯಿತು. ಹಳ್ಳಿಗಳಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಸಿ ಕಳುಹಿಸುವ 'ಸಂಚಾರಿ ಗ್ರಂಥಾಲಯ' ಆರಂಭವಾಯಿತು. ಪೆಟ್ಟಿಗೆ ಒಂದು ಊರಿನಲ್ಲಿ ಕೆಲವು ಕಾಲ ಇದ್ದು ಓದು ಮುಗಿದ ಮೇಲೆ ಮರಳಬೇಕು. ಕಟ್ಟಡವಿಲ್ಲದೆಯೂ ಗ್ರಂಥಾಲಯ ನಡೆಯಬಹುದು ಎಂದು ಆ ಪೆಟ್ಟಿಗೆ ತೋರಿಸಿತು.

ಅದೇ ಹೊತ್ತಿಗೆ, 1913ರ ಸುಮಾರಿಗೆ, ಮೈಸೂರು ಸೀಮೆಯ ನಂಜನಗೂಡಿನಲ್ಲಿ ತಿರುಮಲಾಂಬ ಎಂಬ ಬಾಲವಿಧವೆ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಆರಂಭಿಸಿದರು. ತಾವೇ ಬರೆದು, ತಾವೇ ಪ್ರಕಟಿಸಿ, ಹೆಂಗಸರಿಗೆ ತಲುಪಿಸಿದರು. ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟವಾಗಿದ್ದ ಹೆಣ್ಣುಮಕ್ಕಳಿಗೆ ಮನೆ ಬಾಗಿಲಿಗೇ ಪುಸ್ತಕ. 1921ರಲ್ಲಿ ಬೆಂಗಳೂರಿನಿಂದ ಆರ್. ಕಲ್ಯಾಣಮ್ಮ 'ಸರಸ್ವತಿ' ಮಾಸಪತ್ರಿಕೆ ತಂದರು. ಅವರೂ ಬಾಲವಿಧವೆಯೇ. ಅತ್ತಿಮಬ್ಬೆ, ತಿರುಮಲಾಂಬ, ಕಲ್ಯಾಣಮ್ಮ ಮೂವರನ್ನೂ ಒಟ್ಟಿಗೆ ನೋಡಿದಾಗ ನನಗೆ ತಟ್ಟಿದ್ದು ಇದು: ಸಮಾಜ ಯಾರಿಂದ ಎಲ್ಲವನ್ನೂ ಕಿತ್ತುಕೊಂಡಿತೋ ಅವರೇ ಉಳಿದವರಿಗೆ ಪುಸ್ತಕ ಹಂಚಿದರು.

ಎರಡು ರಾಜ್ಯ, ಎರಡು ಕಾನೂನು

ಸ್ವಾತಂತ್ರ್ಯದ ನಂತರ ಗ್ರಂಥಾಲಯವನ್ನು ಸರ್ಕಾರ ನಡೆಸಬೇಕೋ ಜನ ನಡೆಸಬೇಕೋ ಎಂಬ ಪ್ರಶ್ನೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರ ಬೇರೆ ಬೇರೆ ಉತ್ತರ ಕೊಟ್ಟವು. ಮುಂಬಯಿ ಕನ್ನಡಿಗರಾದ ನಮಗೆ ಇದು ಗೊತ್ತಿರಬೇಕು.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಂತೆ ಜನ ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ, ಈಗ ಶೇಕಡಾ 6. ಊರಿನಲ್ಲಿ ಮನೆ ಇರುವವರು ತೆರಿಗೆ ರಶೀದಿ ತೆಗೆದು ನೋಡಿ, ಒಂದು ಸಾಲಿನಲ್ಲಿ ಅದು ಇರುತ್ತದೆ. ಅಲ್ಲಿ ಗ್ರಂಥಾಲಯ ಎಂದರೆ ಸರ್ಕಾರದ ಇಲಾಖೆ. ಹಳ್ಳಿಗಳ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಇತ್ತೀಚೆಗೆ 'ಅರಿವು ಕೇಂದ್ರ' ಎಂಬ ಹೆಸರಿಟ್ಟು ಕಂಪ್ಯೂಟರುಗಳನ್ನೂ ಕೊಡಲಾಗಿದೆ.

ಮಹಾರಾಷ್ಟ್ರದ ಕಾಯ್ದೆ ಬಂದದ್ದು 1967ರಲ್ಲಿ. ಇಲ್ಲಿ ಗ್ರಂಥಾಲಯ ಕರ ಇಲ್ಲ. ಊರೂರುಗಳಲ್ಲಿ ಜನರ ಸಂಸ್ಥೆಗಳೇ ವಾಚನಾಲಯ ನಡೆಸುತ್ತವೆ, ಸರ್ಕಾರ ಅವುಗಳನ್ನು ಮಾನ್ಯ ಮಾಡಿ, ವರ್ಗಕ್ಕೆ ತಕ್ಕಂತೆ ಅನುದಾನ ಕೊಡುತ್ತದೆ. ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯ 1898ರಲ್ಲಿ ಹುಟ್ಟಿದ್ದು ಇಂಥ ಜನರ ಉತ್ಸಾಹದಿಂದಲೇ. ಇದರ ಅರ್ಥ ಇಷ್ಟೇ: ಕರ್ನಾಟಕದಲ್ಲಿ ಕನ್ನಡ ಪುಸ್ತಕಕ್ಕೆ ತೆರಿಗೆಯ ಆಸರೆ ಇದೆ. ಇಲ್ಲಿ ಸಂಘವೇ ಆಸರೆ. ದಹಿಸರಿನಲ್ಲಿ ನಾವು ಕಪಾಟು ಮುಚ್ಚಿದರೆ ಅದನ್ನು ತೆರೆಯಲು ಯಾವ ಇಲಾಖೆಯೂ ಬರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಈ ಮಹಾನಗರದಲ್ಲಿ ಹುಟ್ಟಿದವು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ಮ್ಯಾಟ್ರಿಕ್ ಪಾಸಾದ ಕತೆಗಳು ನಮ್ಮ ಮನೆಮನೆಯಲ್ಲಿವೆ. ಆದರೆ ಅವೆಲ್ಲ ಹೆಚ್ಚಾಗಿ ಗಂಡಸರ ಕತೆಗಳು. ಫೋರ್ಟ್, ಗಿರ್‌ಗಾಂವ್ ಕಡೆಯ ಖೋಲಿಗಳಲ್ಲಿ ಹತ್ತಾರು ಮಂದಿ ಒಟ್ಟಿಗೆ ಮಲಗುತ್ತಿದ್ದ ಕಾಲದಲ್ಲಿ ಹೆಂಡತಿ ಮಕ್ಕಳು ಊರಿನಲ್ಲೇ ಇರುತ್ತಿದ್ದರು. ಸಂಸಾರ ಸಮೇತ ಇರಲು ಜಾಗ ಸಿಕ್ಕಿದ್ದು ಉಪನಗರಗಳು ಬೆಳೆದ ಮೇಲೆ.

ದಹಿಸರಿನ ನೋಟ್‌ಬುಕ್

ದಹಿಸರ್ ಬೃಹನ್ಮುಂಬಯಿಯ ಉತ್ತರದ ಅಂಚು. ತುಳಸಿ ಕೆರೆಯ ಕಡೆಯಿಂದ ರಾಷ್ಟ್ರೀಯ ಉದ್ಯಾನದ ಕಾಡು ದಾಟಿ ಬರುವ ದಹಿಸರ್ ನದಿ ನಮ್ಮ ನಡುವೆಯೇ ಹರಿದು ಮನೋರಿ ಖಾಡಿ ಸೇರುತ್ತದೆ. 1957ರಲ್ಲಿ ಈ ಊರು ನಗರಪಾಲಿಕೆಯ ಗಡಿಯೊಳಗೆ ಸೇರಿತು. ನನ್ನ ಅಮ್ಮ ಮದುವೆಯಾಗಿ ಇಲ್ಲಿಗೆ ಬಂದದ್ದು 1985ರಲ್ಲಿ. "ಸ್ಟೇಷನ್ನಿಂದ ಮನೆಗೆ ಬರುವಾಗ ಕಪ್ಪೆಗಳ ಕೂಗು ಕೇಳುತ್ತಿತ್ತು, ಊರಿಗೇ ಬಂದ ಹಾಗಾಯಿತು" ಎಂದು ಈಗಲೂ ಹೇಳುತ್ತಾರೆ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ಊರಿಗೆ ಹೋಗುವುದೆಂದರೆ ಇಡೀ ದಿನದ, ಮೈ ಮುರಿಯುವ ಬಸ್ ಪ್ರಯಾಣ. ಆ ಬಸ್ಸಿನಲ್ಲಿ ಬಂದವರ ಚೀಲದಲ್ಲಿ ಕುಚ್ಚಲಕ್ಕಿ, ಹಪ್ಪಳದ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ದಂಟೂ ಇರುತ್ತಿತ್ತು.

ಬಸಳೆಗೆ ಬೀಜವೇ ಬೇಕೆಂದಿಲ್ಲ. ಒಂದು ಗೇಣು ದಂಟು, ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಕಿಟಕಿಯ ಗ್ರಿಲ್ಲೇ ಚಪ್ಪರ. ಎಷ್ಟು ಕೊಯ್ದರೆ ಅಷ್ಟು ಚಿಗುರುತ್ತದೆ. ಅಮ್ಮನ ಬಸಳೆ ನಮ್ಮ ಕಟ್ಟಡದ ನಾಲ್ಕು ಮಹಡಿಗೂ ಹಬ್ಬಿತ್ತು, ಪಕ್ಕದ ಗುಜರಾತಿ ಬೆನ್‌ಳ ಮನೆಯ ಗ್ರಿಲ್ಲೂ ಸೇರಿ.

ಆ ಕಾಲದಲ್ಲೇ ಸಂಘದ ಕಪಾಟು ಬಂದದ್ದು. ಅದನ್ನು ನೋಡಿಕೊಳ್ಳುತ್ತಿದ್ದವರನ್ನು ನಾವು ಮಕ್ಕಳೆಲ್ಲ 'ಲೈಬ್ರರಿ ಅಕ್ಕ' ಎನ್ನುತ್ತಿದ್ದೆವು. ಈಗ ಅವರು ಕುಂದಾಪುರದ ಕಡೆ ಮಗನ ಮನೆಯಲ್ಲಿದ್ದಾರೆ. ನೋಟ್‌ಬುಕ್ ಸಿಕ್ಕಿದ ದಿನವೇ ಫೋನ್ ಮಾಡಿದೆ. ಪುಸ್ತಕದ ಲೆಕ್ಕದಲ್ಲಿ ಶ್ಯಾವಿಗೆ ಒರಳು ಯಾಕೆ ಬಂತು ಅಕ್ಕ ಎಂದು ಕೇಳಿದೆ. ಅವರು ನಕ್ಕರು. "ಅನುಪಮಾ ನಿರಂಜನರ 'ತಾಯಿ ಮಗು' ಪುಸ್ತಕ ಕೇಳಿಕೊಂಡು ಬಂದವಳಿಗೆ ಆರು ತಿಂಗಳಿಗೆ ತೊಟ್ಟಿಲೂ ಬೇಕಾಗುತ್ತದಲ್ಲ ಮಗಾ. ಒಬ್ಬರ ಮನೆಯ ಅಟ್ಟದ ಮೇಲೆ ತೊಟ್ಟಿಲು ಧೂಳು ತಿನ್ನುತ್ತಿತ್ತು, ಇನ್ನೊಬ್ಬರು ಬೊರಿವಲಿಗೆ ಹೋಗಿ ಹೊಸದು ತರುವವರಿದ್ದರು. ನಾನು ಬರೆದುಕೊಂಡೆ, ಅಷ್ಟೇ."

ಪುಸ್ತಕ ಮರಳಿ ಕೊಡದವರ ಹತ್ತಿರ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವರ ದನಿ ತಗ್ಗಿತು. "ಕೇಳಲು ಹೋಗುತ್ತಿದ್ದೆ. ಪುಸ್ತಕ ಒಂದು ನೆವ. ಹೊಸತಾಗಿ ಊರಿನಿಂದ ಬಂದವಳು ಒಬ್ಬಳೇ ಮನೆಯಲ್ಲಿ ಹೇಗಿದ್ದಾಳೆ, ಊಟ ಮಾಡಿದಳಾ, ಅತ್ತಳಾ ನೋಡುವುದು. ಬಾಗಿಲು ತಟ್ಟಲು ಒಂದು ಕಾರಣ ಬೇಕಲ್ಲ."

ಎರಡು ಸಾವಿರದ ಐದರ ಜುಲೈ 26 ಯಾರಿಗೆ ಮರೆತೀತು? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ದಹಿಸರ್ ನದಿಯೂ ಉಕ್ಕಿತು. ನೆಲಮಹಡಿಯಲ್ಲಿದ್ದ ಕಪಾಟಿನ ಕೆಳಗಿನ ಎರಡು ಸಾಲು ಕೆಸರುನೀರಿನಲ್ಲಿ ಮುಳುಗಿದವು. ನಾನಾಗ ಹೈಸ್ಕೂಲು ಮುಗಿಸಿದ ಹುಡುಗಿ. ಹಾಳೆ ಹಾಳೆಗೂ ನ್ಯೂಸ್‌ಪೇಪರ್ ಇಟ್ಟು, ಫ್ಯಾನಿನ ಕೆಳಗೆ ಹರಡಿ ಒಣಗಿಸಿದ್ದು ನೆನಪಿದೆ. ಬಹಳಷ್ಟು ಅಂಟಿಕೊಂಡು ಹಾಳಾದವು. ಈಗ ಪಟ್ಟಿ ಮಾಡುವಾಗ ನೋಟ್‌ಬುಕ್ಕಿಗೆ ತಾಳೆ ಹಾಕಿ ನೋಡಿದೆ. ಆ ದಿನ ಯಾರದೋ ಮನೆಗೆ ಎರವಲು ಹೋಗಿದ್ದ ಪುಸ್ತಕಗಳು ಇವತ್ತೂ ಇವೆ. ಭದ್ರವಾಗಿರಲಿ ಎಂದು ಕೆಳಗಿನ ಸಾಲಿನಲ್ಲಿ ಬೀಗ ಹಾಕಿ ಇಟ್ಟಿದ್ದವು ಹೋದವು. ಕೊಟ್ಟದ್ದು ಮತ್ತು ಬಚ್ಚಿಟ್ಟದ್ದರ ಬಗ್ಗೆ ಸರ್ವಜ್ಞ ಹೇಳಿದ್ದು ನಮಗೆಲ್ಲ ಬಾಯಿಪಾಠ. ಅದರ ಲೆಕ್ಕವನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಸುತ್ತಿಗೆಯೂ ಸಾಲ ಸಿಗುತ್ತದೆ

ಮನೆಯ ಸಾಮಾನನ್ನು ಎರವಲು ಕೊಡುವುದು ನಮ್ಮಲ್ಲಿ ಹೊಸತಲ್ಲ. ಊರಿನ ದೇವಸ್ಥಾನದ ಕೊಪ್ಪರಿಗೆ, ಹಂಡೆ, ದೊಡ್ಡ ಸೌಟು ಮದುವೆ ಮನೆಗಳಿಗೆ ಹೋಗಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಇದೇ ಯೋಚನೆ ಅಮೆರಿಕದಲ್ಲಿ ಗ್ರಂಥಾಲಯದ ಒಳಗೇ ಬಂತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಮಿಶಿಗನ್ ರಾಜ್ಯದ ಗ್ರೋಸ್ ಪಾಯಿಂಟ್ ಎಂಬ ಊರಿನ ಗ್ರಂಥಾಲಯ ಪುಸ್ತಕದ ಜೊತೆ ಬಡಗಿ ಕೆಲಸದ ಸಲಕರಣೆಗಳನ್ನೂ ಎರವಲು ಕೊಡತೊಡಗಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯ ಅದಕ್ಕೇ ಒಂದು ವಿಭಾಗ ತೆರೆಯಿತು. ಏಣಿ, ಡ್ರಿಲ್, ಗುದ್ದಲಿ, ಮರ ಕತ್ತರಿಸುವ ಗರಗಸ, ಎಲ್ಲವೂ ಲೈಬ್ರರಿ ಕಾರ್ಡ್ ತೋರಿಸಿದರೆ ಸಿಗುತ್ತವೆ. ಇಂದಿಗೂ ನಡೆಯುತ್ತಿದೆ.

ಇದರ ಹಿಂದಿನ ಲೆಕ್ಕ ಸರಳ. ಡ್ರಿಲ್ ಮೆಷಿನ್ ಯಾರಿಗೂ ದಿನಾ ಬೇಡ. ಪರದೆಯ ಕಂಬಿ ಹಾಕಲು ಹತ್ತು ನಿಮಿಷ ಸಾಕು. ಆದರೂ ನಮ್ಮ ಒಂದೊಂದು ಸೊಸೈಟಿಯಲ್ಲಿ ಹತ್ತು ಹದಿನೈದು ಡ್ರಿಲ್ ಮೆಷಿನ್‌ಗಳು ಕಪಾಟಿನಲ್ಲಿ ಮಲಗಿವೆ. ಮೂವತ್ತು ಜನಕ್ಕೆ ಇಡ್ಲಿ ಮಾಡುವ ಪಾತ್ರೆಯೂ ಹಾಗೆಯೇ. ಒಂದು ಬೆಡ್‌ರೂಮಿನ ಮನೆಯಲ್ಲಿ ಇಷ್ಟಕ್ಕೆಲ್ಲ ಜಾಗವೆಲ್ಲಿ?

ಬೀಜದ ಗ್ರಂಥಾಲಯ

ಸಾಮಾನು ಹೋದಷ್ಟೇ ಮರಳುತ್ತದೆ. ಬೀಜ ಮಾತ್ರ ಹೆಚ್ಚಾಗಿ ಮರಳುತ್ತದೆ. ಉತ್ತರ ಕನ್ನಡದ ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರು ಮಲೆನಾಡಿನ ಹೆಂಗಸರ ಜೊತೆ ಸೇರಿ 'ವನಸ್ತ್ರೀ' ಎಂಬ ಬಳಗ ಆರಂಭಿಸಿದರು. ಮಲೆನಾಡಿನ ಮನೆಗಳಲ್ಲಿ ಅಡಿಕೆ ತೋಟ ಗಂಡಸರ ಲೆಕ್ಕ, ಹಿತ್ತಲು ಹೆಂಗಸರ ಲೆಕ್ಕ. ಅಡಿಕೆಯ ಧಾರಣೆ ಪೇಪರಿನಲ್ಲಿ ಬರುತ್ತದೆ. ಹಿತ್ತಲಿನ ಅವರೆ, ಸೌತೆ, ಬೆಂಡೆ, ಗೆಣಸಿಗೆ ಬೆಲೆ ಕಟ್ಟಿದವರಿಲ್ಲ. ಅಂಗಡಿಯ ಹೈಬ್ರಿಡ್ ಬೀಜ ಬಂದಂತೆ ಅಜ್ಜಿಯಿಂದ ಸೊಸೆಗೆ ಬಂದ ತಳಿಗಳು ಒಂದೊಂದಾಗಿ ಮರೆಯಾಗುತ್ತಿದ್ದವು. ವನಸ್ತ್ರೀಯ ಹೆಂಗಸರು ಅವುಗಳನ್ನು ಹುಡುಕಿ, ಬೆಳೆಸಿ, ಬದಲಾಯಿಸಿಕೊಳ್ಳತೊಡಗಿದರು. ಮಳೆಗಾಲಕ್ಕೆ ಮೊದಲು ಅವರು ನಡೆಸುವ ಮಲೆನಾಡ ಮೇಳದಲ್ಲಿ ಬೀಜದ ಜೊತೆ ಅದನ್ನು ಬೆಳೆಸುವ, ಅಡುಗೆ ಮಾಡುವ ವಿಧಾನವೂ ಕೈಬದಲಾಗುತ್ತದೆ. ಒಂದು ಮನೆಯಲ್ಲಿ ಬೆಳೆ ಹೋದರೆ ಇನ್ನೊಂದು ಮನೆಯಲ್ಲಿ ಬೀಜ ಇರುತ್ತದೆ. ಅತ್ತಿಮಬ್ಬೆಯ ಸಾವಿರ ಪ್ರತಿಯ ಉಪಾಯವೇ ಇದು, ತಾಳೆಗರಿಯ ಬದಲು ಮಣ್ಣಿನಲ್ಲಿ.

ಮುಂಬಯಿಯಲ್ಲೂ ಇದು ಸಾಧ್ಯವೇ ಎಂದು ಕೇಳುವವರಿಗೆ ಇಲ್ಲೇ ಉದಾಹರಣೆ ಇದೆ. ಮುಂಬಯಿ ಬಂದರಿನ ನೌಕರರಿಗೆ ಅಡುಗೆ ಮಾಡುವ ಕೇಂದ್ರ ಪಾಕಶಾಲೆಯ ತಾರಸಿಯ ಮೇಲೆ, ಅಲ್ಲಿನ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಅವರು ಈ ಶತಮಾನದ ಆರಂಭದಲ್ಲಿ ಅಡುಗೆಮನೆಯ ಕಸದಿಂದಲೇ ಮಣ್ಣು ಮಾಡಿ ತೋಟ ಬೆಳೆಸಿದರು. 2009ರಲ್ಲಿ 'ಅರ್ಬನ್ ಲೀವ್ಸ್' ಎಂಬ ಬಳಗದ ಮೂಲಕ ಆ ವಿದ್ಯೆ ನಗರದ ಉಳಿದವರಿಗೂ ಹರಡಿತು.

ಬೀಜ ಎರವಲು ಕೊಡುವುದಕ್ಕೆ ಒಂದು ಶಿಸ್ತು ಬೇಕು. ಅಲಸಂಡೆ, ಅವರೆಯಂಥ ಕಾಳಿನ ಗಿಡಗಳು ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತವೆ. ಹಾಗಾಗಿ ಕೊಟ್ಟ ತಳಿಯೇ ಮರಳಿ ಬರುತ್ತದೆ. ಹೊಸಬರು ಇದರಿಂದ ಆರಂಭಿಸಬಹುದು. ಸೌತೆ, ಕುಂಬಳ, ಹರಿವೆ ಹಾಗಲ್ಲ. ಪಕ್ಕದಲ್ಲಿ ಬೇರೆ ತಳಿ ಇದ್ದರೆ ಬೆರೆತುಹೋಗುತ್ತವೆ. ಬೀಜಕ್ಕೆಂದು ಒಂದು ಒಳ್ಳೆಯ ಗಿಡವನ್ನು ಮೊದಲೇ ಗುರುತಿಸಿ, ಅದರ ಕಾಯಿಯನ್ನು ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಬೇಕು. ಬಾಯಿ ಚಪಲಕ್ಕೆ ಅದನ್ನೂ ಕೊಯ್ದರೆ ಮುಂದಿನ ವರ್ಷ ಕೊಡಲು ಏನೂ ಇರುವುದಿಲ್ಲ.

ನಾನು ಸೋತ ಕತೆ

ಇಷ್ಟೆಲ್ಲ ಓದಿದ ಉತ್ಸಾಹದಲ್ಲಿ ನಾನು ಒಂದು ಕೆಲಸ ಮಾಡಿದೆ. ಎರಡು ರಾತ್ರಿ ಕೂತು ಪುಸ್ತಕ, ಸಾಮಾನು, ಗಿಡಗಳಿಗೆಲ್ಲ ಒಂದು ಆನ್‌ಲೈನ್ ಪಟ್ಟಿ ಮಾಡಿದೆ. ಹುಡುಕಬಹುದು, ಕಾದಿರಿಸಬಹುದು, ಮರಳಿಸುವ ದಿನ ತಾನೇ ನೆನಪಿಸುತ್ತದೆ. ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ. ನಲವತ್ತು ಜನ ಹೆಬ್ಬೆರಳು ತೋರಿಸಿದರು. ಮೂರು ತಿಂಗಳಲ್ಲಿ ಎರವಲು ಹೋದದ್ದು ಎರಡು ಪುಸ್ತಕ. ಅದರಲ್ಲಿ ಒಂದನ್ನು ಕೊಂಡುಹೋದವಳು ನಾನೇ.

ಆಮೇಲೆ ಅಮ್ಮ ಒಂದು ಸಂಜೆ ಹಳೆಯ ನೋಟ್‌ಬುಕ್ ಹಿಡಿದು ಕಟ್ಟಡದ ಐದು ಮನೆ ಸುತ್ತಿ ಬಂದರು. ಏಳು ಪುಸ್ತಕ ಹೋದವು. ಒಂದು ಏಣಿ, ಒಂದು ಶ್ಯಾವಿಗೆ ಒರಳು ಹೊರಬಂದವು. ಮರಾಠಿ ಶಾಲೆಯಲ್ಲಿ ಓದುವ ಒಬ್ಬ ಹುಡುಗಿ ತನ್ನ ಅಜ್ಜಿಗೆ ಓದಿ ಹೇಳಲು ಕನ್ನಡ ಅಕ್ಷರ ಕಲಿಸುವಿರಾ ಎಂದು ಕೇಳಿದಳಂತೆ. ನನ್ನ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೆ ಬಾಗಿಲು ತಟ್ಟಲು ಬರುತ್ತಿರಲಿಲ್ಲ, ಅಷ್ಟೇ. ನಾಗಾವಿಯವರು ಪುಸ್ತಕಗಳ ಜೊತೆ ಆರು ಮಂದಿಯನ್ನೂ ಯಾಕೆ ನೇಮಿಸಿದ್ದರು ಎಂಬುದು ನನಗೆ ಆ ಸಂಜೆ ಅರ್ಥವಾಯಿತು.

ವಾರ್ಷಿಕ ಸಭೆಗೆ ನನ್ನ ಸೂಚನೆ

ಆದ್ದರಿಂದ ಬಂಧುಗಳೇ, ವಾರ್ಷಿಕ ಸಭೆಯಲ್ಲಿ ನಾನು ಹೇಳಬೇಕೆಂದಿರುವುದನ್ನು ಇಲ್ಲಿಯೇ ಬರೆಯುತ್ತೇನೆ, ಮೊದಲೇ ಯೋಚಿಸಲು ಅನುಕೂಲವಾಗಲಿ ಎಂದು.

ಕಪಾಟನ್ನು ಬೇಕಾದರೆ ಮಾರೋಣ, ಪುಸ್ತಕಗಳನ್ನು ಮಾರುವುದು ಬೇಡ. ಕಟ್ಟಡ ಏಳುವವರೆಗೆ ಅವು ಬರೋಡೆಯ ಪೆಟ್ಟಿಗೆಗಳಂತೆ ಮನೆಮನೆಯಲ್ಲಿರಲಿ. ಒಂದು ಮನೆಗೆ ಹದಿನೈದು ಇಪ್ಪತ್ತು ಪುಸ್ತಕ ಭಾರವಾಗದು. ನಾಲ್ಕು ತಿಂಗಳಿಗೊಮ್ಮೆ, ನಮ್ಮ ಹಬ್ಬದ ಸೇರುವಿಕೆಗಳಲ್ಲಿ, ಪೆಟ್ಟಿಗೆ ಬದಲಾಗಲಿ. ಅದೇ ನೋಟ್‌ಬುಕ್ಕಿನಲ್ಲಿ ಡ್ರಿಲ್, ಏಣಿ, ದೊಡ್ಡ ಪಾತ್ರೆಗಳ ಹೆಸರೂ ಸೇರಲಿ. ಹರಿದರೆ, ಮುರಿದರೆ ಏನು ಎಂಬುದನ್ನು ಮೊದಲೇ ಬರೆದುಕೊಳ್ಳೋಣ, ಆಮೇಲೆ ಮನಸ್ತಾಪ ಬೇಡ. ಮೇ ತಿಂಗಳಲ್ಲಿ ಊರಿಗೆ ಹೋದವರು ಒಂದು ಹಿಡಿ ಬೀಜ, ಒಂದು ಹಿಡಿ ಬಸಳೆ ದಂಟು ತರಲಿ.

ಕೊನೆಯದು ಮುಖ್ಯವಾದದ್ದು. ನೋಟ್‌ಬುಕ್ ಹಿಡಿಯುವವರಿಗೆ ಸಂಘ ಪ್ರತಿ ತಿಂಗಳು ಒಂದು ಗೌರವಧನ ಕೊಡಬೇಕು. ಚಿಕ್ಕದಾದರೂ ಸರಿ. ಹೆಂಗಸರು ಮಾಡುವ ಇಂಥ ಕೆಲಸಕ್ಕೆ ಶಾಲು ಹೊದಿಸುವುದು ನಮಗೆ ಅಭ್ಯಾಸವಾಗಿದೆ, ಸಂಬಳ ಕೊಡುವುದು ಅಲ್ಲ. ಲೈಬ್ರರಿ ಅಕ್ಕನಿಗೆ ನಾವು ಇಪ್ಪತ್ತು ವರ್ಷ ಏನೂ ಕೊಡಲಿಲ್ಲ. ಅವರು ಊರಿಗೆ ಹೋದ ದಿನ ಕಪಾಟಿಗೆ ಬೀಗ ಬಿತ್ತು. ಅವರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಅದು ಒಂದು ಜಾಗ ಎಂದೇ ನಮಗೆ ಅನ್ನಿಸಿರಲಿಲ್ಲ.

ಈ ಲೇಖನ ಮುಗಿಸುವ ಮೊದಲು ಅಕ್ಕನಿಗೆ ಮತ್ತೊಮ್ಮೆ ಫೋನ್ ಮಾಡಿ, ನೋಟ್‌ಬುಕ್ಕಿನಲ್ಲಿ 'ವಾಪಸು' ಕಾಲಮ್ ಖಾಲಿ ಇರುವ ಹೆಸರುಗಳನ್ನು ಓದಿ ಹೇಳಿದೆ. ಹನ್ನೊಂದು ಹೆಸರು. ಒಬ್ಬೊಬ್ಬರೂ ಈಗ ಎಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಮೀರಾ ರೋಡ್, ವಿರಾರ್, ಡೊಂಬಿವಲಿ, ಒಬ್ಬರು ಮಸ್ಕತ್. "ಪುಸ್ತಕ ಎಲ್ಲಿಗೂ ಹೋಗಿಲ್ಲ ಮಗಾ, ಅವರ ಮನೆಯಲ್ಲೇ ಇದೆ. ನೀನು ಒಮ್ಮೆ ಹೋಗಿ ಬಾ" ಎಂದರು.

ಮುಂದಿನ ಭಾನುವಾರ ಮೀರಾ ರೋಡಿಗೆ ಹೋಗುತ್ತಿದ್ದೇನೆ. ಚೀಲದಲ್ಲಿ ಬಸಳೆಯ ನಾಲ್ಕು ತುಂಡು ಇಟ್ಟುಕೊಂಡಿದ್ದೇನೆ. ಜೊತೆಗೆ ಬರುವವರಿದ್ದರೆ ತಿಳಿಸಿ.